ಹೈಡ್ರಾಲಿಕ್ ಪ್ರೆಸ್ ನಿಂತರೆ ಸ್ವಿಚ್‌ಗೆ ‘ಜಂಪರ್’ ಹಾಕಿದರೆ ಸಾಕೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಇಂಥ ವಿಡಿಯೊವನ್ನು ನೀವೂ ನೋಡಿರಬಹುದು. ವರ್ಕ್‌ಶಾಪಿನಲ್ಲಿ ಹೈಡ್ರಾಲಿಕ್ ಪ್ರೆಸ್ ಕೆಲಸ ನಿಲ್ಲಿಸಿದೆ. ಒಬ್ಬರು ಪ್ಯಾನೆಲ್ ಬಾಗಿಲು ತೆಗೆದು, ಒಂದು ತುಂಡು ವೈರನ್ನು ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿಸುತ್ತಾರೆ. ಮೆಷಿನ್ ಮತ್ತೆ ಓಡತೊಡಗುತ್ತದೆ. ಎಲೆಕ್ಟ್ರಿಷಿಯನ್ ಬೇಡ, ಖರ್ಚಿಲ್ಲ, ಎರಡೇ ನಿಮಿಷದ ಕೆಲಸ ಎಂಬ ಸಾಲು ಕೆಳಗಿರುತ್ತದೆ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಪ್ರೆಸ್ ಮುಂದೆ ದಿನವಿಡೀ ನಿಲ್ಲುವವರ ಗ್ರೂಪುಗಳಿಗೆ ಇದು ಬಲು ಬೇಗ ತಲುಪುತ್ತದೆ.

ಈ ಉಪಾಯ ನಿಜವೇ? ಮೆಷಿನ್ ಓಡುವುದು ನಿಜ. ರಿಪೇರಿ ಆಯಿತು ಎನ್ನುವುದು ಸುಳ್ಳು. ಆ ತುಂಡು ವೈರು ದೋಷವನ್ನು ಸರಿ ಮಾಡಿಲ್ಲ, ದೋಷ ಇದೆ ಎಂದು ಹೇಳುತ್ತಿದ್ದ ಸ್ವಿಚ್‌ನ ಬಾಯಿ ಮುಚ್ಚಿಸಿದೆ ಅಷ್ಟೆ. ಆ ಸ್ವಿಚ್ ಆಪರೇಟರ್‌ನ ಕೈ ಕಾಯುವ ಸ್ವಿಚ್ ಆಗಿದ್ದರೆ, ಮುಂದಿನ ಸಲ ಪ್ರೆಸ್ ಇಳಿಯುವಾಗ ಅದನ್ನು ತಡೆಯುವವರು ಯಾರೂ ಇರುವುದಿಲ್ಲ.

ಹಾಗಾದರೆ ದೋಷ ಹುಡುಕುವ ಸರಿಯಾದ ದಾರಿ ಯಾವುದು? ಜಂಪರ್‌ನಿಂದ ತಿಳಿಯುವುದನ್ನೆಲ್ಲ ಒಂದು ಸಾಧಾರಣ ಮಲ್ಟಿಮೀಟರ್ ಯಾವ ಸುರಕ್ಷತೆಯನ್ನೂ ತೆಗೆಯದೆ ತಿಳಿಸುತ್ತದೆ. ಅದು ಹೇಗೆ ಎಂದು ನೋಡೋಣ.

ಎಣ್ಣೆಯದು ಬಲ, ಕರೆಂಟಿನದು ಆಜ್ಞೆ

ಹೈಡ್ರಾಲಿಕ್ ಯಂತ್ರದ ತತ್ವ ಹಳೆಯದು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲಿ ತೋರಿಸಿದ. ಇದನ್ನೇ ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್‌ಗೆ ಪೇಟೆಂಟ್ ಪಡೆದ.

ಇವತ್ತಿನ ಪ್ರೆಸ್‌ನಲ್ಲಿ ಮೋಟರ್ ಪಂಪನ್ನು ತಿರುಗಿಸುತ್ತದೆ. ಪಂಪ್ ಟ್ಯಾಂಕಿನ ಎಣ್ಣೆಯನ್ನು ಒತ್ತಡದಲ್ಲಿ ತಳ್ಳುತ್ತದೆ. ಆ ಎಣ್ಣೆ ಸಿಲಿಂಡರ್‌ಗೆ ಹೋಗಿ ಪಿಸ್ಟನ್ನನ್ನು ದೂಡುತ್ತದೆ. 100 ಮಿಲಿಮೀಟರ್ ಒಳವ್ಯಾಸದ ಸಿಲಿಂಡರ್‌ಗೆ 200 ಬಾರ್ ಒತ್ತಡದ ಎಣ್ಣೆ ಬಿಟ್ಟರೆ ಸುಮಾರು 16 ಟನ್ ಬಲ ಬರುತ್ತದೆ. ತುಂಬಿದ ಲಾರಿಯೊಂದರ ಭಾರಕ್ಕೆ ಇದು ಸಮ.

ಈ ಎಣ್ಣೆ ಯಾವಾಗ, ಯಾವ ಕಡೆ ಹರಿಯಬೇಕು ಎಂದು ತೀರ್ಮಾನಿಸುವುದು ಮಾತ್ರ ತೀರಾ ಚಿಕ್ಕ ಕರೆಂಟು. ವಾಲ್ವ್‌ನ ತುದಿಯಲ್ಲಿ ತಾಮ್ರದ ತಂತಿ ಸುತ್ತಿದ ಕಾಯಿಲ್ ಇರುತ್ತದೆ. ಇದೇ ಸೊಲೆನಾಯ್ಡ್. ಕರೆಂಟ್ ಹರಿದಾಗ ಅದು ಅಯಸ್ಕಾಂತವಾಗಿ, ವಾಲ್ವ್ ಒಳಗಿನ ಸ್ಪೂಲ್ ಎಂಬ ಕಡ್ಡಿಯನ್ನು ಸರಿಸುತ್ತದೆ. ಆಗ ಎಣ್ಣೆಗೆ ದಾರಿ ತೆರೆಯುತ್ತದೆ. 24 ವೋಲ್ಟ್ ಡಿಸಿಯ 30 ವ್ಯಾಟ್ ಕಾಯಿಲ್‌ಗೆ ಬೇಕಾದ ಕರೆಂಟು 1.25 ಆಂಪಿಯರ್ ಅಷ್ಟೆ.

ಈ ಕರೆಂಟು ಕಾಯಿಲ್ ತಲುಪುವ ಮುನ್ನ ಹಲವು ಬಾಗಿಲು ದಾಟಬೇಕು. ಎಮರ್ಜೆನ್ಸಿ ಸ್ಟಾಪ್ ಬಟನ್, ಗಾರ್ಡ್ ಮುಚ್ಚಿದೆಯೇ ಎಂದು ನೋಡುವ ಲಿಮಿಟ್ ಸ್ವಿಚ್, ಎರಡೂ ಕೈಯಿಂದ ಒಟ್ಟಿಗೆ ಒತ್ತಬೇಕಾದ ಬಟನ್‌ಗಳು, ಎಣ್ಣೆಯ ಮಟ್ಟ ನೋಡುವ ಫ್ಲೋಟ್ ಸ್ವಿಚ್, ಪ್ರೆಶರ್ ಸ್ವಿಚ್, ರಿಲೇ. ಒಂದು ಬಾಗಿಲು ಮುಚ್ಚಿದ್ದರೂ ಪ್ರೆಸ್ ಅಲುಗುವುದಿಲ್ಲ. ದೋಷ ಹುಡುಕುವುದು ಎಂದರೆ ಯಾವ ಬಾಗಿಲು ಮುಚ್ಚಿದೆ, ಏಕೆ ಮುಚ್ಚಿದೆ ಎಂದು ಕಂಡುಹಿಡಿಯುವುದು.

ಸ್ವಿಚ್ ಆಫ್ ಮಾಡಿದರೆ ಅಪಾಯ ಮುಗಿಯಿತೇ?

ಇಲ್ಲ. ಬಹಳಷ್ಟು ಜನ ನಂಬಿರುವ ತಪ್ಪು ಇದು. ಮನೆಯ ಮಿಕ್ಸಿಯ ಪ್ಲಗ್ ಕಿತ್ತರೆ ಅಪಾಯ ಮುಗಿಯುತ್ತದೆ. ಹೈಡ್ರಾಲಿಕ್ ಯಂತ್ರದಲ್ಲಿ ಮೋಟರ್ ನಿಂತ ಮೇಲೂ ಮೂರು ಕಡೆ ಶಕ್ತಿ ಉಳಿದಿರಬಹುದು.

ಮೊದಲನೆಯದು, ಮೇಲೆ ನಿಂತಿರುವ ಭಾರ. ಪ್ರೆಸ್‌ನ ಮೇಲಿನ ಭಾಗವಾದ ರ್‍ಯಾಮ್ ಎಣ್ಣೆಯ ಆಧಾರದ ಮೇಲೆ ನಿಂತಿರುತ್ತದೆ. ಒಂದು ಸೀಲ್ ಸೋರಿದರೂ, ಒಂದು ಪೈಪ್ ಸಡಿಲಿಸಿದರೂ ಅದು ಕೆಳಗೆ ಬರಬಹುದು.

ಎರಡನೆಯದು, ಅಕ್ಯುಮುಲೇಟರ್. ಕೆಲವು ಯಂತ್ರಗಳಲ್ಲಿ ನೈಟ್ರೋಜನ್ ಅನಿಲದ ಒತ್ತಡದಿಂದ ಎಣ್ಣೆಯನ್ನು ಕೂಡಿಡುವ ಉಕ್ಕಿನ ಸಿಲಿಂಡರ್ ಇರುತ್ತದೆ. ಕರೆಂಟ್ ಹೋದರೂ ಅದರಲ್ಲಿರುವ ಒತ್ತಡ ಹೋಗುವುದಿಲ್ಲ.

ಮೂರನೆಯದು, ಮೋಟರ್‌ನ ವೇಗ ಹೊಂದಿಸುವ ಡ್ರೈವ್. ಮೂರು ಫೇಸ್ ಡ್ರೈವ್‌ನ ಒಳಗಿನ ಕೆಪಾಸಿಟರ್‌ಗಳಲ್ಲಿ 500 ವೋಲ್ಟ್‌ಗೂ ಮೀರಿದ ಡಿಸಿ ಇರುತ್ತದೆ. ಸಪ್ಲೈ ತೆಗೆದ ಮೇಲೂ ಅದು ಇಳಿಯಲು ಹಲವು ನಿಮಿಷ ಬೇಕು. ಎಷ್ಟು ನಿಮಿಷ ಕಾಯಬೇಕೆಂದು ಡ್ರೈವ್‌ನ ಮೇಲೆಯೇ ಬರೆದಿರುತ್ತಾರೆ.

ಆದ್ದರಿಂದ ಕೈ ಹಾಕುವ ಮುನ್ನ ಈ ಕ್ರಮ ತಪ್ಪಬಾರದು. ರ್‍ಯಾಮನ್ನು ಪೂರ್ತಿ ಕೆಳಗಿಳಿಸಿ, ಆಗದಿದ್ದರೆ ಯಂತ್ರದ ಜೊತೆ ಕೊಟ್ಟ ಆಧಾರದ ಬ್ಲಾಕ್ ಇಡಿ. ಮೈನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಕೆಲಸ ನಡೆಯುತ್ತಿದೆ ಎಂಬ ಬೋರ್ಡ್ ತೂಗುಹಾಕಿ. ಅಕ್ಯುಮುಲೇಟರ್‌ನ ಒತ್ತಡ ಬಿಟ್ಟು, ಗೇಜ್ ಸೊನ್ನೆಗೆ ಬಂದಿದೆಯೇ ನೋಡಿ. ಕೊನೆಗೆ ಕರೆಂಟ್ ಇಲ್ಲ ಎಂಬುದನ್ನು ಮೀಟರ್‌ನಿಂದ ಖಾತ್ರಿ ಮಾಡಿಕೊಳ್ಳಿ. ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದೇನೆ ಎನ್ನುವುದು ಇದಕ್ಕೆ ಬದಲಿಯಲ್ಲ. ಆ ಬಟನ್ ಯಂತ್ರವನ್ನು ನಿಲ್ಲಿಸುತ್ತದೆ, ಪ್ಯಾನೆಲ್‌ಗೆ ಬರುವ ಕರೆಂಟನ್ನು ಸಾಮಾನ್ಯವಾಗಿ ಕಡಿಯುವುದಿಲ್ಲ.

ಯಂತ್ರ ಏನು ಹೇಳುತ್ತಿದೆ? ಲಕ್ಷಣ ನೋಡಿ ಜಾಗ ಗುರುತಿಸಿ

ಪ್ಯಾನೆಲ್ ತೆಗೆಯುವ ಮೊದಲು ಎರಡು ನಿಮಿಷ ನೋಡಿ, ಕೇಳಿ. ಆಪರೇಟರ್ ಹತ್ತಿರ ಮಾತಾಡಿ. ಕೊನೆಯ ಸಲ ಓಡಿದಾಗ ಏನಾಯಿತು, ಯಾರಾದರೂ ಏನಾದರೂ ಬದಲಾಯಿಸಿದರೇ ಎಂಬುದಕ್ಕೆ ಅರ್ಧ ಉತ್ತರ ಅವರ ಬಳಿ ಇರುತ್ತದೆ.

1. ಮೋಟರ್ ತಿರುಗುತ್ತಲೇ ಇಲ್ಲ. ಮೊದಲು ನೋಡಬೇಕಾದ್ದು ಎಮರ್ಜೆನ್ಸಿ ಬಟನ್ ಒತ್ತಿದ ಸ್ಥಿತಿಯಲ್ಲೇ ಉಳಿದಿದೆಯೇ, ಟ್ಯಾಂಕಿನಲ್ಲಿ ಎಣ್ಣೆ ಕಡಿಮೆಯಾಗಿ ಫ್ಲೋಟ್ ಸ್ವಿಚ್ ತಡೆದಿದೆಯೇ, ಓವರ್‌ಲೋಡ್ ರಿಲೇ ಟ್ರಿಪ್ ಆಗಿದೆಯೇ ಎಂದು. ಮೋಟರ್ ಗುಂಯ್ ಎನ್ನುತ್ತ ತಿರುಗದೆ ನಿಂತಿದ್ದರೆ ಮೂರು ಫೇಸ್‌ಗಳಲ್ಲಿ ಒಂದು ಬರುತ್ತಿಲ್ಲದಿರಬಹುದು. ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ. ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆದರೆ ಅದರ ಸೆಟ್ಟಿಂಗ್ ಏರಿಸುವುದು ಪರಿಹಾರವಲ್ಲ. ಮೋಟರ್ ಏಕೆ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದು ಹುಡುಕಬೇಕು.

2. ಮೋಟರ್ ತಿರುಗುತ್ತದೆ, ಗೇಜ್‌ನಲ್ಲಿ ಒತ್ತಡವೇ ಇಲ್ಲ. ಇಲ್ಲಿ ಬಹಳ ಜನ ಪಂಪ್ ಹೋಯಿತು ಎಂದು ಅದನ್ನು ಬಿಚ್ಚಿಸುತ್ತಾರೆ. ಅದಕ್ಕೆ ಮುನ್ನ ಎರಡು ವಿಷಯ ನೋಡಿ. ಒಂದು, ಮೋಟರ್ ಸರಿಯಾದ ದಿಕ್ಕಿಗೆ ತಿರುಗುತ್ತಿದೆಯೇ? ವೈರಿಂಗ್ ಅಥವಾ ಟ್ರಾನ್ಸ್‌ಫಾರ್ಮರ್ ಕೆಲಸವಾದಾಗ ಎರಡು ಫೇಸ್ ಅದಲುಬದಲಾದರೆ ಮೋಟರ್ ಉಲ್ಟಾ ತಿರುಗುತ್ತದೆ. ಪಂಪ್ ಎಣ್ಣೆ ತಳ್ಳುವುದಿಲ್ಲ, ಹಾಗೇ ಓಡಿಸಿದರೆ ಹಾಳೂ ಆಗುತ್ತದೆ. ಸರಿಯಾದ ದಿಕ್ಕಿನ ಬಾಣದ ಗುರುತು ಪಂಪ್ ಅಥವಾ ಮೋಟರ್ ಮೇಲೆ ಇರುತ್ತದೆ. ಎರಡು, ಅನ್‌ಲೋಡಿಂಗ್ ವಾಲ್ವ್‌ನ ಕಾಯಿಲ್‌ಗೆ ಕರೆಂಟ್ ಬರುತ್ತಿದೆಯೇ? ಅನೇಕ ಯಂತ್ರಗಳಲ್ಲಿ ಈ ಕಾಯಿಲ್‌ಗೆ ಕರೆಂಟ್ ಬಂದಾಗ ಮಾತ್ರ ಒತ್ತಡ ಏರುತ್ತದೆ. ಬರದಿದ್ದರೆ ಪಂಪ್ ತಳ್ಳಿದ ಎಣ್ಣೆಯೆಲ್ಲ ಸುಮ್ಮನೆ ಟ್ಯಾಂಕಿಗೆ ವಾಪಸ್. ಒಂದು ವೈರ್ ಬಿಚ್ಚಿದ್ದಕ್ಕೆ ಒಳ್ಳೆಯ ಪಂಪನ್ನು ರಿಪೇರಿಗೆ ಕಳಿಸಿದಂತಾಗುತ್ತದೆ.

3. ಒತ್ತಡ ಇದೆ, ಸಿಲಿಂಡರ್ ಚಲಿಸುತ್ತಿಲ್ಲ, ಅಥವಾ ಒಂದು ಕಡೆಗೆ ಮಾತ್ರ ಚಲಿಸುತ್ತದೆ. ಆಗ ಅನುಮಾನ ದಿಕ್ಕು ಬದಲಿಸುವ ವಾಲ್ವ್‌ನ ಕಡೆಗೆ. ಕೆಳಗಿಳಿಸುವ ಕಾಯಿಲ್, ಮೇಲೆತ್ತುವ ಕಾಯಿಲ್ ಎರಡರಲ್ಲಿ ಒಂದಕ್ಕೆ ಆಜ್ಞೆ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಸ್ಪೂಲ್ ಸರಿಯುತ್ತಿಲ್ಲ.

4. ಒಮ್ಮೆ ಓಡುತ್ತದೆ, ಒಮ್ಮೆ ನಿಲ್ಲುತ್ತದೆ. ಇದು ಎಲ್ಲಕ್ಕಿಂತ ಹೆಚ್ಚು ಸತಾಯಿಸುವ ದೋಷ. ಪ್ರೆಸ್ ಪ್ರತಿ ಹೊಡೆತಕ್ಕೂ ಅದುರುತ್ತದೆ. ಟರ್ಮಿನಲ್ ಸ್ಕ್ರೂ ಸಡಿಲವಾಗುತ್ತದೆ, ವೈರ್ ಒಳಗೇ ಮುರಿಯುತ್ತದೆ, ಪ್ಲಗ್ ಒಳಗೆ ಎಣ್ಣೆ ಇಳಿಯುತ್ತದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೆಟ್ಟರೆ ಬಿಸಿಯ ಪಾತ್ರವನ್ನೂ ನೋಡಿ. ಎಣ್ಣೆ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳುತ್ತಾರೆ.

ಕಾಲುವೆಯ ಗುಂಟ ನಡೆದಂತೆ

ಗದ್ದೆಗೆ ನೀರು ಬರದಿದ್ದರೆ ರೈತ ಏನು ಮಾಡುತ್ತಾನೆ? ತೂಬಿನಿಂದ ಶುರುಮಾಡಿ ಕಾಲುವೆಯ ಗುಂಟ ನಡೆಯುತ್ತಾನೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂದು ಕಂಡ ಜಾಗದಲ್ಲೇ ತೊಂದರೆ. ಕಂಟ್ರೋಲ್ ಸರ್ಕ್ಯೂಟ್‌ನಲ್ಲೂ ಇದೇ ಲೆಕ್ಕ.

ಈ ಪರೀಕ್ಷೆಗೆ ಕರೆಂಟ್ ಆನ್ ಇರಬೇಕು. ಅದೇ ಪ್ಯಾನೆಲ್‌ನಲ್ಲಿ ಮೂರು ಫೇಸ್‌ನ 415 ವೋಲ್ಟ್ ಕೂಡ ಇರುತ್ತದೆ. ಆದ್ದರಿಂದ ಇದು ತರಬೇತಿ ಪಡೆದ ಎಲೆಕ್ಟ್ರಿಷಿಯನ್ ಕೆಲಸವೇ ಹೊರತು ವಿಡಿಯೊ ನೋಡಿ ಕಲಿಯುವುದಲ್ಲ. ಯಂತ್ರದ ಸುತ್ತ ಯಾರೂ ಇರಬಾರದು. ಕರೆಂಟ್ ಸಿಕ್ಕ ಕೂಡಲೇ ಅದು ಚಲಿಸಿಬಿಡಬಹುದು.

ಅವರು ಮಾಡುವುದು ಇಷ್ಟು. ಮೀಟರ್‌ನ ಕಪ್ಪು ಕಡ್ಡಿಯನ್ನು 24 ವೋಲ್ಟ್ ಸಪ್ಲೈನ ಮೈನಸ್ ತುದಿಗೆ ಇಡುತ್ತಾರೆ. ಕೆಂಪು ಕಡ್ಡಿಯನ್ನು ಡ್ರಾಯಿಂಗ್ ನೋಡುತ್ತ ಒಂದೊಂದೇ ಟರ್ಮಿನಲ್‌ಗೆ ಮುಟ್ಟಿಸುತ್ತ ಹೋಗುತ್ತಾರೆ. ಫ್ಯೂಸ್ ದಾಟಿದ ಮೇಲೆ 24, ಎಮರ್ಜೆನ್ಸಿ ಬಟನ್ ದಾಟಿದ ಮೇಲೆ 24, ಗಾರ್ಡ್ ಸ್ವಿಚ್‌ನ ಒಳಬದಿಯಲ್ಲಿ 24, ಹೊರಬದಿಯಲ್ಲಿ ಸೊನ್ನೆ. ಅಲ್ಲಿಗೆ ಗೊತ್ತಾಯಿತು, ಕರೆಂಟ್ ಗಾರ್ಡ್ ಸ್ವಿಚ್‌ನಲ್ಲಿ ನಿಂತಿದೆ. ಗಾರ್ಡ್ ಪೂರ್ತಿ ಮುಚ್ಚಿಲ್ಲವೇ, ಸ್ವಿಚ್‌ನ ಸನ್ನೆ ಬಾಗಿದೆಯೇ, ಒಳಗೆ ಕಾಂಟ್ಯಾಕ್ಟ್ ಸವೆದಿದೆಯೇ ಎಂದು ನೋಡಿ ಸರಿಪಡಿಸುತ್ತಾರೆ.

ಜಂಪರ್ ಹಾಕುವವರಿಗೆ ತಿಳಿದದ್ದೂ ಇದೇ ಒಂದು ವಿಷಯ, ಕರೆಂಟ್ ಇಲ್ಲಿ ನಿಂತಿದೆ ಎಂಬುದು. ಮೀಟರ್ ಅದನ್ನೇ ತಿಳಿಸಿತು, ಗಾರ್ಡ್‌ನ ಕಾವಲನ್ನು ಮಾತ್ರ ತೆಗೆಯಲಿಲ್ಲ.

ಅಳತೆ ಮಾಡುವಾಗ ಕಾಯಿಲ್‌ನ ಪ್ಲಗ್ ಸಿಕ್ಕಿಸಿಯೇ ಇರಬೇಕು. ಪ್ಲಗ್ ಕಿತ್ತಾಗ 24 ತೋರಿಸುವ ವೈರು, ಕಾಯಿಲ್ ಕರೆಂಟ್ ಎಳೆಯತೊಡಗಿದ ಕೂಡಲೇ 15ಕ್ಕೆ ಇಳಿಯಬಹುದು. ಎಲ್ಲೋ ಸಡಿಲ ಜೋಡಣೆ ಇದೆ ಎಂದು ಅದರ ಅರ್ಥ.

ಕಾಯಿಲ್‌ವರೆಗೂ ಕರೆಂಟ್ ಸರಿಯಾಗಿ ಬಂದಿದ್ದರೆ ಕಾಯಿಲ್ಲನ್ನೇ ನೋಡಬೇಕು. ಕರೆಂಟ್ ಆಫ್ ಮಾಡಿ, ಪ್ಲಗ್ ಕಿತ್ತು ರೆಸಿಸ್ಟೆನ್ಸ್ ಅಳೆಯುತ್ತಾರೆ. ಮೇಲೆ ಹೇಳಿದ 24 ವೋಲ್ಟ್, 30 ವ್ಯಾಟ್ ಕಾಯಿಲ್ ಆದರೆ ಸುಮಾರು 19 ಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಆಗಿದೆ. ಲೆಕ್ಕ ಗೊತ್ತಿಲ್ಲದಿದ್ದರೆ ಪಕ್ಕದಲ್ಲಿರುವ ಅದೇ ಮಾದರಿಯ ಒಳ್ಳೆಯ ಕಾಯಿಲ್‌ನ ಜೊತೆ ಹೋಲಿಸಿದರೆ ಸಾಕು.

ಕಾಯಿಲ್ಲೂ ಸರಿಯಿದ್ದು ಸಿಲಿಂಡರ್ ಅಲುಗದಿದ್ದರೆ ದೋಷ ಕರೆಂಟಿನದಲ್ಲ. ಸ್ಪೂಲ್ ಕಸ ಸಿಕ್ಕಿ ಅಂಟಿರಬಹುದು. ಇನ್ನು ಅದು ಹೈಡ್ರಾಲಿಕ್ ಫಿಟ್ಟರ್‌ನ ಕೆಲಸ.

ಫಾರ್ವರ್ಡ್‌ಗಳಲ್ಲಿ ಬರುವ ಇನ್ನಷ್ಟು ಉಪಾಯಗಳು: ಯಾವುದು ನಿಜ?

ಟೆಸ್ಟರ್ ದೀಪ ಹತ್ತಲಿಲ್ಲ, ಅಂದರೆ ಕರೆಂಟ್ ಇಲ್ಲ. — ತಪ್ಪು. ಮನೆಯಲ್ಲಿ ಬಳಸುವ ನಿಯಾನ್ ಟೆಸ್ಟರ್ 24 ವೋಲ್ಟ್‌ಗೆ ಹೊತ್ತುವುದೇ ಇಲ್ಲ. ಇನ್ನೊಂದು ಕಡೆ, ಪಕ್ಕದ ವೈರಿನ ಪ್ರಭಾವದಿಂದ ಸತ್ತ ವೈರಿನಲ್ಲೂ ಮಂದವಾಗಿ ಹೊತ್ತಬಹುದು. ಕರೆಂಟ್ ಇದೆಯೋ ಇಲ್ಲವೋ ಎಂದು ಟೆಸ್ಟರ್ ನಂಬಿ ತೀರ್ಮಾನಿಸಬಾರದು.

ಪ್ಲಗ್‌ನ ಎಲ್‌ಇಡಿ ಹತ್ತಿದರೆ ವಾಲ್ವ್ ಸರಿಯಿದೆ. — ಅರ್ಧ ನಿಜ. ಪ್ಲಗ್‌ವರೆಗೆ ಕರೆಂಟ್ ಬಂದಿದೆ ಎಂದಷ್ಟೇ ಅರ್ಥ. ಕಾಯಿಲ್ ತುಂಡಾಗಿದ್ದರೂ ಎಲ್‌ಇಡಿ ಹತ್ತುತ್ತದೆ.

ಸ್ಕ್ರೂಡ್ರೈವರ್ ಹಿಡಿದು ಕಾಯಿಲ್ ಎಳೆಯುತ್ತದೆಯೇ ನೋಡಿ. — ಅರ್ಧ ನಿಜ. ಎಳೆದರೆ ಕಾಯಿಲ್ ಅಯಸ್ಕಾಂತವಾಗಿದೆ ಎಂದು ಗೊತ್ತಾಗುತ್ತದೆ. ಒಳಗಿನ ಸ್ಪೂಲ್ ಸರಿದಿದೆಯೇ ಎಂದು ಗೊತ್ತಾಗುವುದಿಲ್ಲ. ಜೊತೆಗೆ ಓಡುವ ಯಂತ್ರದ ಪಕ್ಕ ಕೈ ಇಡಬೇಕಾಗುತ್ತದೆ.

ವಾಲ್ವ್ ತುದಿಯ ಪಿನ್ ಒತ್ತಿದರೆ ಯಂತ್ರ ಓಡುತ್ತದೆ. — ನಿಜ, ಅದಕ್ಕೇ ಅಪಾಯ. ಆ ಪಿನ್ ಸ್ಪೂಲನ್ನು ಕೈಯಿಂದಲೇ ಸರಿಸುತ್ತದೆ. ಒತ್ತಿದಾಗ ಸಿಲಿಂಡರ್ ಚಲಿಸಿದರೆ ದೋಷ ವಿದ್ಯುತ್ತಿನದು, ಚಲಿಸದಿದ್ದರೆ ಎಣ್ಣೆಯ ಕಡೆಯದು ಎಂದು ಫಿಟ್ಟರ್‌ಗಳು ತಿಳಿಯುತ್ತಾರೆ. ಆದರೆ ಪಿನ್ ಒತ್ತಿದಾಗ ಗಾರ್ಡ್ ಸ್ವಿಚ್, ಎರಡು ಕೈ ಬಟನ್ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಡೈ ನಡುವೆ ಯಾರ ಕೈ ಇದ್ದರೂ ರ್‍ಯಾಮ್ ಇಳಿಯುತ್ತದೆ. ಇದು ಅನುಭವಿ ಫಿಟ್ಟರ್‌ನ ಪರೀಕ್ಷೆ, ಯಂತ್ರ ಓಡಿಸುವ ವಿಧಾನವಲ್ಲ.

ಕಾಯಿಲ್ ಸುಟ್ಟರೆ ಹೊಸದು ಹಾಕಿ, ಅಷ್ಟೇ. — ಅಷ್ಟೇ ಅಲ್ಲ. ಎಸಿ ಕಾಯಿಲ್ ಆನ್ ಆದ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ಒಳಗಿನ ಕಬ್ಬಿಣ ಪೂರ್ತಿ ಕೂತ ಮೇಲೆ ಅದು ಇಳಿಯುತ್ತದೆ. ಸ್ಪೂಲ್ ಅಂಟಿ ಕಬ್ಬಿಣ ಕೂರದಿದ್ದರೆ ಕರೆಂಟ್ ಇಳಿಯುವುದೇ ಇಲ್ಲ, ಕಾಯಿಲ್ ಬೇಗನೆ ಸುಡುತ್ತದೆ. ಕಾರಣ ಎಣ್ಣೆಯ ಕಸದಲ್ಲಿದ್ದರೆ ಹೊಸ ಕಾಯಿಲ್ಲೂ ಹಾಗೇ ಸುಡುತ್ತದೆ.

ಫ್ಯೂಸ್ ಹೋಗುತ್ತಲೇ ಇದ್ದರೆ ದಪ್ಪ ತಂತಿ ಕಟ್ಟಿ. — ಅಪಾಯಕಾರಿ ಸುಳ್ಳು. ಆಗ ಫ್ಯೂಸ್ ಬದಲು ವೈರಿಂಗ್ ಉರಿಯುತ್ತದೆ. ಹತ್ತಿರದಲ್ಲೇ ಎಣ್ಣೆಯ ಟ್ಯಾಂಕ್ ಇದೆ ಎಂಬುದು ನೆನಪಿರಲಿ.

ಸೋರಿಕೆ ಎಲ್ಲಿದೆ ಎಂದು ಕೈಯಾಡಿಸಿ ನೋಡಿ. — ಪ್ರಾಣಕ್ಕೆ ಕುತ್ತು. ಇದನ್ನು ಬಿಡಿಸಿ ಹೇಳಬೇಕು.

ಸೂಜಿ ಚುಚ್ಚಿದಂಥ ಗಾಯ, ಆದರೆ ಸಣ್ಣದಲ್ಲ

ವಿದ್ಯುತ್ ದೋಷ ಹುಡುಕುತ್ತ ಪೈಪುಗಳ ನಡುವೆ ಕೈ ಹಾಕುವಾಗ ಎದುರಾಗುವ ಅಪಾಯ ಇದು. ಹೋಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಬಿದ್ದಿದ್ದರೆ ಅಲ್ಲಿಂದ ಎಣ್ಣೆ ಸೂಜಿಯಂತೆ ಚಿಮ್ಮುತ್ತದೆ. ಅದು ಚರ್ಮವನ್ನು, ಕೈಗವಸನ್ನೂ ತೂರಿ ಒಳಗೆ ಹೋಗುತ್ತದೆ. ಹೊರಗೆ ಕಾಣುವುದು ಒಂದು ಚುಕ್ಕೆ. ಮೊದಲಿಗೆ ನೋವೂ ಅಷ್ಟಿರುವುದಿಲ್ಲ. ಒಳಗೆ ಎಣ್ಣೆ ಬೆರಳಿನ ಗುಂಟ ಹರಡಿ ಜೀವಕೋಶಗಳನ್ನು ಕೊಲ್ಲುತ್ತ ಹೋಗುತ್ತದೆ. ಕೆಲವೇ ಗಂಟೆಗಳಲ್ಲಿ ಬಾವು, ತಡೆಯಲಾರದ ನೋವು. ತಡವಾದರೆ ಬೆರಳು ಅಥವಾ ಕೈಯನ್ನೇ ಕತ್ತರಿಸಬೇಕಾಗಬಹುದು.

ಹೀಗಾದರೆ ಬ್ಯಾಂಡೇಜ್ ಸುತ್ತಿ ಕೆಲಸ ಮುಂದುವರಿಸಬೇಡಿ, ನಾಳೆ ನೋಡೋಣ ಎನ್ನಬೇಡಿ. ತಕ್ಷಣ ಶಸ್ತ್ರಚಿಕಿತ್ಸೆ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ಒತ್ತಡದ ಹೈಡ್ರಾಲಿಕ್ ಎಣ್ಣೆ ಚರ್ಮದೊಳಗೆ ಹೋಗಿದೆ ಎಂದು ಸ್ಪಷ್ಟವಾಗಿ ಹೇಳಿ, ಯಾವ ಎಣ್ಣೆ ಎಂಬ ವಿವರವನ್ನೂ ಕೊಡಿ. ಹೀಗೆ ಹೇಳದಿದ್ದರೆ ನೋಡಿದವರಿಗೂ ಅದು ಸಣ್ಣ ಗಾಯದಂತೆ ಕಾಣಬಹುದು. ಸೋರಿಕೆ ಹುಡುಕಲು ರಟ್ಟಿನ ತುಂಡು ಬಳಸಿ, ಕೈಯನ್ನಲ್ಲ.

ಆರ್ಡರ್ ಅರ್ಜೆಂಟ್ ಇದ್ದರೂ?

ಜಂಪರ್ ಹಾಕುವವರೆಲ್ಲ ಕೆಟ್ಟವರಲ್ಲ. ಲೋಡ್ ಸಂಜೆಯೊಳಗೆ ಹೋಗಬೇಕು, ಎಲೆಕ್ಟ್ರಿಷಿಯನ್ ಬಂದಿಲ್ಲ, ಇವತ್ತೊಂದು ದಿನ ಓಡಲಿ ಎನ್ನುತ್ತಾರೆ. ಮರುದಿನ ಯಂತ್ರ ಓಡುತ್ತಲೇ ಇರುತ್ತದೆ, ಜಂಪರ್ ಮರೆತೇ ಹೋಗುತ್ತದೆ. ಮುಂದಿನ ಶಿಫ್ಟಿಗೆ ಬಂದ ಹುಡುಗನಿಗೆ ಗಾರ್ಡ್ ತೆಗೆದರೆ ಪ್ರೆಸ್ ನಿಲ್ಲುತ್ತದೆ ಎಂಬ ನಂಬಿಕೆ ಇರುತ್ತದೆ. ಆ ನಂಬಿಕೆಯಲ್ಲೇ ಅವನು ಕೈ ಹಾಕುತ್ತಾನೆ.

ಅಪಾಯಕಾರಿ ಭಾಗಗಳಿಗೆ ಗಟ್ಟಿಯಾದ ಗಾರ್ಡ್ ಇರಬೇಕು, ಯಂತ್ರ ಚಲಿಸುವಷ್ಟು ಹೊತ್ತೂ ಅದು ತನ್ನ ಜಾಗದಲ್ಲಿರಬೇಕು ಎಂದು 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಸೆಕ್ಷನ್‌ನಲ್ಲೇ ಹೇಳಲಾಗಿತ್ತು. ನಿಮ್ಮ ಯಂತ್ರದಲ್ಲಿ ಇಂಥ ತುಂಡು ವೈರು ಇದೆ ಎಂದು ಗೊತ್ತಿದ್ದರೆ ಸೂಪರ್‌ವೈಸರ್‌ಗೆ ಹೇಳಿ, ಸರಿಯಾಗುವವರೆಗೆ ಅದರಲ್ಲಿ ಕೆಲಸ ಮಾಡಬೇಡಿ. ಹೊಸ ಲಿಮಿಟ್ ಸ್ವಿಚ್ ಕೊಂಡು ಹಾಕಬಹುದು. ಹೋದ ಬೆರಳನ್ನು ಕೊಂಡು ಹಾಕಲಾಗದು.

ಗ್ರೂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ

• ಜಂಪರ್ ರಿಪೇರಿಯಲ್ಲ. ಸುರಕ್ಷತಾ ಸ್ವಿಚ್ ಯಂತ್ರವನ್ನು ತಡೆದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಅದನ್ನು ಹುಡುಕಿ.
• ಮೋಟರ್ ನಿಂತರೂ ಒತ್ತಡ ಉಳಿದಿರಬಹುದು. ರ್‍ಯಾಮ್‌ಗೆ ಆಧಾರ, ಮೈನ್ ಸ್ವಿಚ್‌ಗೆ ಬೀಗ, ಗೇಜ್ ಸೊನ್ನೆ. ಮೂರೂ ಆದ ಮೇಲೆಯೇ ಕೈ ಹಾಕಿ.
• ಪಂಪ್ ಬಿಚ್ಚುವ ಮೊದಲು ಮೋಟರ್ ತಿರುಗುವ ದಿಕ್ಕು ಮತ್ತು ಕಾಯಿಲ್‌ಗೆ ಬರುವ ಕರೆಂಟ್ ನೋಡಿಸಿ.
• ಪ್ಯಾನೆಲ್ ಒಳಗಿನ ಪರೀಕ್ಷೆ ತರಬೇತಿ ಪಡೆದ ಎಲೆಕ್ಟ್ರಿಷಿಯನ್‌ಗೆ ಬಿಡಿ.
• ಎಣ್ಣೆ ಸೋರಿಕೆಯನ್ನು ಕೈಯಿಂದ ಹುಡುಕಬೇಡಿ. ಚರ್ಮದೊಳಗೆ ಎಣ್ಣೆ ಹೋದರೆ ಚುಕ್ಕೆಯಷ್ಟೇ ಗಾಯವಾದರೂ ಕೂಡಲೇ ಆಸ್ಪತ್ರೆಗೆ ಹೋಗಿ.